ಹನ್ನೆರಡನೇ ಕುರ್ಚಿ

"ಅಲ್ಲೇ ನಿಂತ್ಕೊಂಡು ಏನು ನೋಡ್ತಿದ್ದೀರಿ? ಬನ್ನಿ, ಕೂತ್ಕೊಳ್ಳಿ!"

ಬಾಗಿಲಲ್ಲಿದ್ದ ಎತ್ತರದ ಮನುಷ್ಯ ಹಿಂದೆ ತಿರುಗಿ ನೋಡಿದ. ಬೇರೆ ಯಾರನ್ನೋ ಕರೆಯುತ್ತಿದ್ದಾಳೆ ಎಂದುಕೊಂಡಿರಬೇಕು. ಅವನ ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

"ನಿಮಗೇ ಹೇಳ್ತಿರೋದು. ಹನ್ನೆರಡನೇ ಕುರ್ಚಿ ಖಾಲಿ ಇದೆ ನೋಡಿ."

"ಅಲ್ಲ ಮೇಡಂ... ನಾನು ಬಾಯ್ಲರ್ ನೋಡೋಕೆ ಬಂದಿದ್ದು..."

"ಹೌದೌದು! ಬಾಯ್ಲರ್ ಎಲ್ಲೂ ಓಡಿಹೋಗಲ್ಲ. ಮೊದಲು ಕೂತ್ಕೊಳ್ಳಿ."

ಅವಳಿಗೆ ಒಳಗೊಳಗೇ ನಗು. ಹೋದ ವಾರ ಒಬ್ಬರು ಕರೆಂಟಿನ ಮೀಟರ್ ನೋಡಲು ಬಂದಿದ್ದೇನೆ ಎಂದಿದ್ದರು. ಅದಕ್ಕೂ ಮುಂಚೆ ಒಬ್ಬಾಕೆ ಯಾರದೋ ವಿಳಾಸ ಕೇಳುವ ನೆಪದಲ್ಲಿ ಅರ್ಧ ಗಂಟೆ ಬಾಗಿಲಲ್ಲೇ ನಿಂತಿದ್ದಳು. 'ನನಗೆ ಮನೆಯಿಲ್ಲ, ಕಾಲು ನೋಯ್ತಿದೆ' ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳುವುದು ಯಾರಿಗೆ ತಾನೇ ಸುಲಭ?

ಪಕ್ಕದ ಕುರ್ಚಿಯಿಂದ ಟೋಪಿ ತಾತ ದನಿಗೂಡಿಸಿದರು. ಬೇಸಿಗೆಯಲ್ಲೂ ಉಣ್ಣೆಯ ಟೋಪಿ ತೆಗೆಯದ ಮುದುಕ ಅವರು. "ಕೂತ್ಕೊಳ್ಳಪ್ಪಾ, ನಾಚಿಕೆ ಬೇಡ. ಮೊದಲನೇ ದಿನ ನಾನೂ, ಮಳೆ ನಿಲ್ಲೋವರೆಗೆ ಒಳಗೆ ನಿಂತಿರ್ತೀನಿ ಅಂದಿದ್ದೆ. ಹೊರಗೆ ನೋಡಿದ್ರೆ ಸುಡುಬಿಸಿಲು!"

ಎಲ್ಲರೂ ನಕ್ಕರು. ಆ ನಗುವಿನ ನಡುವೆ ಅವನು ದಿಕ್ಕು ತೋಚದೆ ಕುಳಿತೇಬಿಟ್ಟ.

ಅದು ಚರ್ಚಿನ ಕೆಳಗಿನ ನೆಲಮಾಳಿಗೆ. ಅವಳು ಆಸ್ಪತ್ರೆಯೊಂದರಲ್ಲಿ ನರ್ಸ್. ಬುಧವಾರ ಅವಳಿಗೆ ವಾರದ ರಜೆ. ಆ ರಜೆಯ ಬೆಳಗನ್ನೆಲ್ಲ ಅವಳು ಇಲ್ಲಿ, ಬೀದಿಯಲ್ಲಿ ಬದುಕುವವರ ಕಾಲು ತೊಳೆದು, ಉಗುರು ಕತ್ತರಿಸಿ, ಹುಣ್ಣಿಗೆ ಔಷಧಿ ಕಟ್ಟುವುದರಲ್ಲಿ ಕಳೆಯುತ್ತಿದ್ದಳು. ಒಬ್ಬಳಿಂದ ಮಧ್ಯಾಹ್ನದೊಳಗೆ ಹನ್ನೆರಡು ಜನರ ಕಾಲು ಮಾತ್ರ ಸಾಧ್ಯ. ಹಾಗಾಗಿ ಇದ್ದದ್ದು ಹನ್ನೆರಡೇ ಕುರ್ಚಿ. ಹದಿಮೂರನೆಯವರು ಮುಂದಿನ ವಾರ ಬರಬೇಕು.

ಇದನ್ನೆಲ್ಲ ಶುರುಮಾಡಿದವರು ದೊಡ್ಡಮ್ಮ. ಎಪ್ಪತ್ತು ದಾಟಿದ ನಿವೃತ್ತ ಟೀಚರ್. ಎಲ್ಲರಿಗೂ ಅವರು ದೊಡ್ಡಮ್ಮನೇ. ಬುಧವಾರ ಮೇಲಿನ ಅಡುಗೆಮನೆಯಲ್ಲಿ ಸೂಪು ಕುದಿಸುವುದು ಅವರ ಪಾಲಿನ ಕೆಲಸ. ಮೊದಲ ದಿನವೇ ಅವರು ಅವಳಿಗೆ ಹೇಳಿದ್ದರು:

"ಯಾರನ್ನೂ ಏನೂ ಕೇಳಬೇಡ ಮಗಳೇ. ಎಲ್ಲಿಂದ ಬಂದ್ರಿ, ಯಾಕೆ ಹೀಗಾಯ್ತು, ಒಂದೂ ಬೇಡ. ಶಿಲುಬೆಗೆ ಹೋಗೋ ಮುಂಚಿನ ರಾತ್ರಿ ನಮ್ಮ ಸ್ವಾಮಿ ಶಿಷ್ಯರ ಕಾಲು ತೊಳೆಯುವಾಗ ವಿಚಾರಣೆ ಮಾಡಿದ್ನಾ? ತನ್ನನ್ನೇ ಹಿಡಿದುಕೊಟ್ಟು ಮೋಸ ಮಾಡೋನ ಕಾಲನ್ನೂ ತೊಳೆದ. ನೀನೂ ಸುಮ್ಮನೆ ತೊಳಿ."

ಹಾಗಾಗಿ ಅವಳೂ ಕೇಳಲಿಲ್ಲ. ಅವನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಅಂಗಿಯ ತೋಳು ಹರಿದಿತ್ತು. ಬರಿಗಾಲ ತುಂಬ ಕಪ್ಪು ಕೆಸರು, ಕೈಯಲ್ಲಿ ನೀರು ತೊಟ್ಟಿಕ್ಕುತ್ತಿದ್ದ ಹಳೇ ಬೂಟು. ಇಷ್ಟು ಸಾಕಲ್ಲ!

ಬಾಯ್ಲರ್ ಕೆಟ್ಟಿದ್ದರಿಂದ ಮೇಲೆ ಒಲೆಯಲ್ಲಿ ಕಾಯಿಸಿ ತಂದಿದ್ದ ನೀರನ್ನು ಅವಳು ಟಬ್ಬಿಗೆ ಸುರಿದಳು. ಮೊಣಕೈ ಅದ್ದಿ ಬಿಸಿ ನೋಡಿದಳು. ಆಮೇಲೆ ನೆಲದ ಮೇಲೆ ಮಂಡಿಯೂರಿ ಅವನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡಳು.

ಅವನು ಬೆಚ್ಚಿಬಿದ್ದ.

"ಬಿಸಿ ಜಾಸ್ತಿ ಆಯ್ತಾ?"

"ಇಲ್ಲ..."

ಅವನ ದನಿ ಬದಲಾಗಿತ್ತು. ಅವಳು ತಲೆಯೆತ್ತಿ ನೋಡಿದಳು. ಅಯ್ಯೋ! ಅಷ್ಟು ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು!

"ನೋವಾಗ್ತಿದೆಯಾ?"

"ಇಲ್ಲ ಮೇಡಂ. ಯಾರ ಮನೆ ಬಾಗಿಲಿಗೆ ಹೋದ್ರೂ ಮೊದಲನೇ ಮಾತು ಒಂದೇ... 'ಕಾಲು ಒರೆಸ್ಕೊಂಡು ಬಾ, ಕೆಸರು ಮಾಡಬೇಡ.' ಹದಿನಾಲ್ಕು ವರ್ಷದಿಂದ ಅದನ್ನೇ ಕೇಳಿದ್ದೀನಿ. ಈ ಕಾಲನ್ನ ಹೀಗೆ ಕೈಯಲ್ಲಿ ಹಿಡ್ಕೊಂಡವರು ನೀವೇ ಮೊದಲು."

ಅವಳು ಆ ಕಾಲನ್ನು ಇನ್ನಷ್ಟು ಮೆತ್ತಗೆ ಹಿಡಿದಳು. 'ಪಾಪ, ಎಷ್ಟು ಬಾಗಿಲುಗಳಿಂದ ಅಟ್ಟಿಸಿಕೊಂಡಿದ್ದಾರೋ!'

ಅವಳು ಬೆರಳ ಸಂದಿಗಳನ್ನೂ ಬಿಡದೆ ಒರೆಸಿದಳು. ಒಂದು ಜೊತೆ ಬೂದುಬಣ್ಣದ ಕಾಲುಚೀಲ ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಏನೋ ಹೇಳಲು ಬಾಯಿ ತೆರೆದ. ಹೇಳದೆ ಎದ್ದು ಹೋದ.

ಓದುವ ನಿಮಗೆ ಗುಟ್ಟೇನೂ ಬೇಡ. ಅವನು ನಿಜವಾಗಿಯೂ ಬಾಯ್ಲರ್ ನೋಡಲೆಂದೇ ಬಂದಿದ್ದ; ಅವನನ್ನು ಕರೆಸಿದ್ದನ್ನು ದೊಡ್ಡಮ್ಮ ಅವಳಿಗೆ ಹೇಳಿರಲಿಲ್ಲ! ಪ್ಲಂಬರ್. ಆ ಬೆಳಿಗ್ಗೆ ಬಾಯ್ಲರ್ ಕೋಣೆಯಲ್ಲಿ ಕೊಳವೆ ಬಿಚ್ಚಿದಾಗ ಕೊಳೆನೀರು ಮೈಮೇಲೆ ಎರಚಿತ್ತು. ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಎಂದು ಕೇಳಲು ಈಚೆ ಬಂದವನು ಹನ್ನೆರಡನೇ ಕುರ್ಚಿಯಲ್ಲಿ ಸಿಕ್ಕಿಬಿದ್ದ. ಮಧ್ಯಾಹ್ನ ಅವಳು ಹೊರಟುಹೋದ ಮೇಲೆ ಬಾಯ್ಲರ್ ಸರಿಮಾಡಿ, ದೊಡ್ಡಮ್ಮನಿಗೆ ಬಿಸಿನೀರು ತೋರಿಸಿ ಹೋದ. ಅಲ್ಲಿಗೆ ಅವನ ಕೆಲಸ ಮುಗಿದಿತ್ತು.

ಆದರೆ ಮುಂದಿನ ಬುಧವಾರ ಅವನ ವ್ಯಾನು ತಾನಾಗಿಯೇ ಆ ಬೀದಿಗೆ ತಿರುಗಿತು. 'ನಿಜ ಹೇಳಿ ಬಂದುಬಿಡೋಣ' ಎಂದೇ ಅವನು ಇಳಿದದ್ದು. ಅವಳು ನಕ್ಕು "ಬಂದ್ರಾ!" ಎಂದಳು. ಆ ಒಂದು ಮಾತಿಗೆ ಅವನು ಹೇಳಬೇಕೆಂದಿದ್ದನ್ನು ಬದಿಗಿಟ್ಟು ಕುಳಿತುಬಿಟ್ಟ.

ಅವಳೂ ಅವನ ಕಾಲನ್ನು ಕೈಗೆತ್ತಿಕೊಂಡಳು. ಈ ಸಲ ಕೆಸರಿರಲಿಲ್ಲ. ಒಂದು ಕ್ಷಣ ಅವಳ ಕೈ ನಿಂತಿತು. ಒಡೆಯದ ಹಿಮ್ಮಡಿ, ನೀಟಾಗಿ ಕತ್ತರಿಸಿದ ಉಗುರು. ಆ ಕಾಲಿಗೆ ಮಾಡಲು ಏನೂ ಇರಲಿಲ್ಲ.

'ಮೊನ್ನೆ ಮೊನ್ನೆ ಕಷ್ಟಕ್ಕೆ ಬಿದ್ದವರಿರಬೇಕು' ಎಂದು ತನಗೆ ತಾನೇ ಹೇಳಿಕೊಂಡು, ಅವಳು ನೀರು ಬದಲಾಯಿಸಿ ಇನ್ನೊಮ್ಮೆ ತೊಳೆದಳು!

ಅವನು ಮಾತಾಡುತ್ತಿದ್ದ. ಯಾರದೋ ಮನೆಯ ಸಿಂಕಿನಲ್ಲಿ ಸಿಕ್ಕಿಕೊಂಡಿದ್ದ ಹಲ್ಲುಸೆಟ್ಟಿನ ಕಥೆ ಹೇಳಿ ಅವಳನ್ನು ನಗಿಸಿದ. ಅವಳ ಬೆನ್ನುನೋವನ್ನು ಕೇಳದೆಯೇ ಗಮನಿಸಿ, ತುಂಬಿದ ಟಬ್ಬನ್ನು ತಾನೇ ಎತ್ತಿ ಚೆಲ್ಲಿಬಂದ. ಅಲ್ಲಿ ಎಲ್ಲರೂ ಅವಳನ್ನು 'ಸಿಸ್ಟರ್' ಎನ್ನುತ್ತಿದ್ದರು. ಅವನೊಬ್ಬನ ಬಾಯಲ್ಲಿ ಮಾತ್ರ ಆ ಪದ ಬರಲೇ ಇಲ್ಲ! ಸೂಪು ಕುಡಿಯಲು ಎಲ್ಲರೂ ಮೇಲೆ ಹೋದರೆ, ದೊಡ್ಡಮ್ಮನ ಕಣ್ಣಿಗೆ ಬೀಳದಂತೆ ಅವನು ಬಾಗಿಲಿಂದಲೇ ಜಾರಿಕೊಳ್ಳುತ್ತಿದ್ದ.

ಅತ್ತ ಮನೆಯಲ್ಲಿ ಅಮ್ಮನ ಹಳೇ ರಾಗ. "ಮೂವತ್ತು ತುಂಬ್ತಾ ಬಂತು. ಊರವರ ಕಾಲು ಹಿಡಿದಿದ್ದು ಸಾಕು, ಯಾರದಾದ್ರೂ ಕೈ ಹಿಡಿ!"

'ಮನೆಮಠ ಇಲ್ಲದವರ ಮೇಲೆ ನನಗೆ ಕನಿಕರ ಇರಬೇಕು. ಇದು ಬರೀ ಕನಿಕರವಾ...? ಸೇವೆ ಅಂತ ಹೋಗಿ ನಾನು ಮಾಡ್ತಿರೋದೇನು ದೇವರೇ!' ಅವಳಿಗೆ ಪ್ರಾರ್ಥನೆಯಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ.

ಮೂರನೇ ಬುಧವಾರ ಅವಳು ಅವನ ಮುಂದೆ ಒಂದು ಕಾಗದ ಹಿಡಿದಳು.

"ನಮ್ಮ ಆಸ್ಪತ್ರೇಲಿ ವಾಚ್‌ಮನ್ ಕೆಲಸ ಖಾಲಿ ಇದೆ. ನಾನೇ ಮಾತಾಡಿದ್ದೀನಿ. ಇದನ್ನ ತುಂಬಿಸಿ ಕೊಡಿ, ಸಾಕು."

ಅವನ ಮುಖ ಕೆಂಪಗಾಯಿತು. ಬಿಸಿತುಪ್ಪ ಬಾಯಿಗೆ ಬಿದ್ದಂತೆ, ಉಗುಳುವಂತಿಲ್ಲ, ನುಂಗುವಂತಿಲ್ಲ.

"ಮೇಡಂ... ನಾನು ನಿಮಗೊಂದು ಮಾತು..."

"ಏನೂ ಹೇಳಬೇಡಿ!" ಅವಳು ತಡೆದಳು. ಯಾಕೆ ಅಷ್ಟು ಅವಸರವಾಗಿ ತಡೆದೆ ಎಂದು ಅವಳು ಯೋಚಿಸಲಿಲ್ಲ. "ಇಲ್ಲಿ ಯಾರೂ ಏನೂ ಹೇಳಬೇಕಾಗಿಲ್ಲ."

ಆ ದಿನ ಹನ್ನೊಂದನೇ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಟೋಪಿ ತಾತ ಯಾಕೋ ಕಾಣಲಿಲ್ಲವಲ್ಲ ಎಂದು ಅವಳಿಗೆ ಒಮ್ಮೆ ಅನ್ನಿಸಿತು. ತಾತನಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಬೆರಳ ಕೆಳಗೆ ಹುಣ್ಣು. ಕಾಲಿಗೆ ಸ್ಪರ್ಶಜ್ಞಾನವೇ ಇಲ್ಲದ್ದರಿಂದ ನೋವು ತಿಳಿಯುತ್ತಿರಲಿಲ್ಲ. 'ಒಂದು ವಾರವೂ ತಪ್ಪಿಸಬೇಡಿ ತಾತ' ಎಂದು ಅವಳೇ ಆಣೆ ಹಾಕಿಸಿಕೊಂಡಿದ್ದಳು.

'ಬರ್ತಾರೆ ಬಿಡು' ಎಂದುಕೊಂಡು ಅವಳು ಮತ್ತೆ ಆ ಕಾಗದದ ಮಾತಿಗೆ ತಿರುಗಿದಳು.

ನಾಲ್ಕನೇ ಬುಧವಾರ ಅವನು ಕುರ್ಚಿಯಲ್ಲಿ ಕೂರಲಿಲ್ಲ. ಅರ್ಜಿಯನ್ನು ಹಾಗೇ ಖಾಲಿಯಾಗಿ ಹಿಡಿದು ಅವಳೆದುರು ನಿಂತ. "ಇವತ್ತು ನೀವು ತಡೆದ್ರೂ ಹೇಳ್ತೀನಿ..." ಎನ್ನುವಷ್ಟರಲ್ಲಿ ದೊಡ್ಡಮ್ಮ ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ಬಂದರು.

"ಮಗಳೇ! ಟೋಪಿ ತಾತ ಬಸ್ ನಿಲ್ದಾಣದಲ್ಲಿ ಬಿದ್ದಿದ್ದಾರಂತೆ. ಮೈ ಕೆಂಡದ ಹಾಗೆ ಸುಡ್ತಿದೆಯಂತೆ!" ಅವರ ಕಣ್ಣು ಅವನ ಮೇಲೆ ಬಿತ್ತು. "ಅಯ್ಯೋ, ಪ್ಲಂಬರಪ್ಪಾ! ದೇವರೇ ಕಳಿಸಿದ ಹಾಗೆ ಬಂದೆ. ವ್ಯಾನ್ ತಂದಿದ್ದೀಯ ತಾನೇ? ನಡಿ, ನಡಿ!"

ಪ್ಲಂಬರ್...? ವ್ಯಾನ್...?

ಅವಳು ಅವನನ್ನು ನೋಡಿದಳು. ಅವನು ತಲೆ ತಗ್ಗಿಸಿದ. ಕೇಳಲು ಆಗ ಸಮಯವಿರಲಿಲ್ಲ.

ವ್ಯಾನಿನ ಹಿಂಭಾಗದಲ್ಲಿ ಕೊಳವೆಗಳನ್ನು ಬದಿಗೆ ಸರಿಸಿ ತಾತನನ್ನು ಮಲಗಿಸಿದರು. ಅವಳು ಬಲಗಾಲಿನ ಬಟ್ಟೆ ಬಿಚ್ಚಿದಳು. ಎರಡು ಬೆರಳು ಕಪ್ಪಾಗಿದ್ದವು. ವಾಸನೆ ಬರುತ್ತಿತ್ತು.

"ಹೋದ ವಾರ ಯಾಕೆ ಬರ್ಲಿಲ್ಲ ತಾತ? ಯಾಕೆ!"

"ಬಂದಿದ್ದೆ ತಾಯಿ..." ಜ್ವರದಲ್ಲೂ ಮುದುಕ ಮುಗುಳ್ನಕ್ಕರು. "ಸ್ವಲ್ಪ ತಡ ಆಯ್ತು. ಬಾಗಿಲಲ್ಲಿ ನಿಂತು ನೋಡಿದೆ, ಹನ್ನೆರಡೂ ತುಂಬಿತ್ತು. ಇರ್ಲಿ ಬಿಡು... ಹೊಸಬನಿಗೂ ಪಾಪ, ಎಷ್ಟು ಕಷ್ಟವೋ ಏನೋ ಅಂತ ವಾಪಸ್ ಹೋದೆ."

ವ್ಯಾನ್ ಓಡಿಸುತ್ತಿದ್ದವನಿಗೂ ಆ ಮಾತು ಕೇಳಿಸಿತು.

ತಾತನನ್ನು ಒಳಗೆ ಕರೆದೊಯ್ದ ಮೇಲೆ, ಆಸ್ಪತ್ರೆಯ ವರಾಂಡದಲ್ಲಿ ಅವಳು ಅವನತ್ತ ತಿರುಗಿದಳು.

"ಪ್ಲಂಬರಾ ನೀವು?"

"ಹೂಂ."

"ಮನೆ ಇದೆಯಾ?"

"ಒಂದು ರೂಮಿದೆ. ಮೊದಲನೇ ದಿನ ಹೇಳೋಕೆ ನೋಡಿದೆ ಮೇಡಂ. ಆಮೇಲೆ... ಹೇಳಿದ್ರೆ ನಿಮ್ಮನ್ನ ನೋಡೋಕೆ ಬೇರೆ ದಾರಿಯೇ ಇರ್ಲಿಲ್ಲ."

"ನನ್ನನ್ನ ನೋಡೋಕಾ!" ಅವಳು ಸಿಡಿದಳು. "ನನಗೆ ಮೋಸ ಮಾಡಿದ್ರಿ, ಹೋಗಲಿ. ಆದ್ರೆ ನೀವು ಕಿತ್ಕೊಂಡಿದ್ದು ಆ ಮುದುಕರ ಕುರ್ಚಿ. ನಿಮ್ಮ ಗಟ್ಟಿಮುಟ್ಟಾದ ಕಾಲನ್ನ ನಾನು ಉಜ್ಜುತ್ತಾ ಕೂತಿದ್ದಾಗ ಅವರ ಕಾಲು ಕೊಳೀತಿತ್ತು!"

ಅವನು ಒಂದು ಸಮಜಾಯಿಷಿಯನ್ನೂ ಕೊಡಲಿಲ್ಲ. "ತಪ್ಪಾಯ್ತು" ಎಂದಷ್ಟೇ ಹೇಳಿದ.

"ಇನ್ಮೇಲೆ ನನ್ನ ಕಣ್ಣೆದುರಿಗೆ ಬರಬೇಡಿ!"

ಅವನು ಬರಲಿಲ್ಲ.

ಎರಡು ಬೆರಳು ತೆಗೆದರು. ಹುಣ್ಣು ಮಾಯದಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಅದು ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲ, ಊರಿನ ಆಚೆ ತುದಿಯ ದೊಡ್ಡಾಸ್ಪತ್ರೆ. ಅವಳು ದಿನಾ ಬೆಳಿಗ್ಗೆ ವಾರ್ಡಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದಳು. ಹೋಗಿ ಮುಖ ತೋರಿಸುವ ಧೈರ್ಯ ಮಾತ್ರ ಬರಲಿಲ್ಲ.

ಎರಡು ಬುಧವಾರ ಕಳೆದವು. ಹನ್ನೆರಡನೇ ಕುರ್ಚಿಯಲ್ಲಿ ಈಗ ಯಾರ್ಯಾರೋ ಕೂರುತ್ತಿದ್ದರು. ಕೈ ಅದರ ಪಾಡಿಗೆ ತೊಳೆಯುತ್ತಿತ್ತು, ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಹೋದ ಕಣ್ಣನ್ನು ಅವಳೇ ಬೈದುಕೊಂಡು ಹಿಂದಕ್ಕೆ ತರುತ್ತಿದ್ದಳು.

"ತಾತನ್ನ ನೋಡೋಕೆ ಹೋಗಿದ್ದೆಯಾ?" ಟಬ್ಬುಗಳನ್ನು ಬೋರಲು ಹಾಕುತ್ತಾ ದೊಡ್ಡಮ್ಮ ಕೇಳಿದರು.

"ದಿನಾ ಫೋನ್ ಮಾಡ್ತೀನಿ ದೊಡ್ಡಮ್ಮ."

"ರೋಗಿಯಾಗಿ ಬಿದ್ದಿದ್ದಾಗ ನನ್ನನ್ನ ನೋಡೋಕೆ ಬಂದ್ರಿ ಅಂತ ತಾನೇ ಕೊನೇ ತೀರ್ಪಿನ ದಿನ ನಮ್ಮ ಸ್ವಾಮಿ ಹೇಳೋದು? ಫೋನ್ ಮಾಡಿದ್ರಿ ಅಂತ ಹೇಳಲ್ಲವಲ್ಲ!"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಕೊನೆಗೆ ಅಳುವೇ ಗೆದ್ದಿತು.

"ಯಾವ ಮುಖ ಇಟ್ಕೊಂಡು ಹೋಗಲಿ? ಅವರು ಬರ್ಲಿಲ್ಲ ಅಂತ ನೋಡಿದೆ. ನೋಡಿಯೂ ಹುಡುಕ್ಲಿಲ್ಲ. ನನ್ನ ಗಮನ ಬೇರೆ ಕಡೆ ಇತ್ತು..."

"ಅದಕ್ಕೇ ಹೋಗು ಅಂದಿದ್ದು. ನಾವು ಯಾವ ತಪ್ಪೂ ಮಾಡದವರು ಅಂತ ದೇವರು ನಮಗೆ ಸೇವೆ ಕೊಟ್ಟಿಲ್ಲ ಮಗಳೇ. ಹಾಗಿದ್ದಿದ್ರೆ ಈ ನೆಲಮಾಳಿಗೆಗೆ ಒಬ್ಬರೂ ಸಿಗ್ತಿರ್ಲಿಲ್ಲ, ನಾನೂ ಸೇರಿ."

ಅದೇ ಸಂಜೆ ಅವಳು ಹೋದಳು. ವಾರ್ಡಿನ ಕೊನೆಯ ಕಿಟಕಿಯ ಪಕ್ಕ ತಾತನ ಹಾಸಿಗೆ. ಅವರ ಕೆನ್ನೆಯ ತುಂಬ ಸೋಪಿನ ನೊರೆ. ಎದುರಿಗೆ ಕುಳಿತು, ಕತ್ತನ್ನು ಮೆಲ್ಲಗೆ ಒತ್ತಟ್ಟಿಗೆ ತಿರುಗಿಸಿ ಗಡ್ಡ ಬೋಳಿಸುತ್ತಿದ್ದವನು... ಅವನೇ!

ಅವಳನ್ನು ಕಂಡು ಅವನು ಗಡಬಡಿಸಿ ಎದ್ದ. "ನಾನು ಹೊರಗಿರ್ತೀನಿ ಮೇಡಂ. ನೀವು ಬರಬೇಡ ಅಂದಿದ್ರಿ..."

"ಲೋ ಲೋ! ಅರ್ಧ ಗಡ್ಡ ಬಿಟ್ಟು ಎಲ್ಲಿಗೋ ಹೋಗ್ತೀಯ?" ತಾತ ಗದರಿಸಿದರು. "ಕೂತ್ಕೋ! ಬಾ ತಾಯಿ, ನೀನೂ ಕೂತ್ಕೋ. ಇವನು ದಿನಾ ಕೆಲಸ ಮುಗಿಸಿ ಬಂದು ನನ್ನ ತಲೆ ತಿಂತಾನೆ. ಊಟ ಮಾಡು, ಮಾತ್ರೆ ನುಂಗು, ಮಗ್ಗುಲು ಬದಲಾಯಿಸು... ಡಾಕ್ಟರೇ ವಾಸಿ!"

"ತಾತ..." ಅವಳು ಮಂಚದ ಅಂಚಿಗೆ ಕುಳಿತಳು. "ನಿಮಗೆ ಗೊತ್ತಾ, ಆ ದಿನ ನಿಮಗೆ ಸಿಗಬೇಕಿದ್ದ ಕುರ್ಚಿಯಲ್ಲಿ..."

"ಇವನೇ ಕೂತಿದ್ದು. ಗೊತ್ತು. ಆಪರೇಷನ್ ಆಗಿ ಕಣ್ಣು ಬಿಟ್ಟಿದ್ದೇ ತಡ, ಮಂಚದ ಹತ್ರ ನಿಂತ್ಕೊಂಡು ಎಲ್ಲಾ ಒಪ್ಪಿಸಿಬಿಟ್ಟ. ನಿನ್ನನ್ನ ನೋಡೋ ಆಸೆಗೆ ಹೀಗೆ ಮಾಡಿದೆ ತಾತ, ಹೊಟ್ಟೆಗೆ ಹಾಕ್ಕೊಳ್ಳಿ ಅಂದ. ಮಾರನೇ ದಿನ, ಟೋಪಿ ಹಾಕ್ಕೊಳ್ಳೋನು ನಾನು, ಟೋಪಿ ಹಾಕಿದೋನು ನೀನು ಅಂದೆ. ಇಬ್ಬರೂ ನಕ್ವಿ. ಅಲ್ಲಿಗೆ ಮುಗೀತು."

"ಅಷ್ಟು ಸುಲಭವಾಗಿ ಮುಗಿದುಹೋಯ್ತಾ?"

"ಸುಲಭ ಅಂತ ಯಾರಂದ್ರು? ಎರಡು ಬೆರಳು ಹೋಗಿವೆ, ಒಂದು ರಾತ್ರಿ ಪೂರ್ತಿ ಇವನನ್ನ ಶಪಿಸಿದೆ. ಬೆಳಿಗ್ಗೆ ಮತ್ತೆ ಬಂದು ನಿಂತಿದ್ದ. ಎಷ್ಟಂತ ಶಪಿಸೋದು?" ತಾತ ಅವಳ ಕೈ ಮೇಲೆ ತಮ್ಮ ಒರಟು ಕೈಯಿಟ್ಟರು. "ನನ್ನ ಕಾಲಿನ ಸಿಟ್ಟನ್ನ ನಾನೇ ಇಳಿಸಿದ್ದೀನಿ. ನೀನ್ಯಾಕೆ ತಾಯಿ ಅದನ್ನ ಹೊತ್ಕೊಂಡು ತಿರುಗ್ತೀಯ?"

ಅವಳ ಕಣ್ಣೀರು ಧಾರೆಯಾಗಿ ಇಳಿಯಿತು.

"ಅಳಬೇಡ. ಪಾದ ಉಳೀತು ಅಂತ ಬೆಳಿಗ್ಗೆ ಡಾಕ್ಟರ್ ಹೇಳಿದ್ರು. ಇನ್ನು ನೀವಿಬ್ಬರೂ ಹೊರಗೆ ಹೋಗಿ ಮಾತಾಡ್ಕೊಂಡು ಬನ್ನಿ. ಬೇಗ ಬನ್ನಿ ಮತ್ತೆ, ಸೋಪು ಒಣಗ್ತಿದೆ!"

ವರಾಂಡದ ಬೆಂಚಿನ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು.

"ನನ್ನಿಂದ ಏನಾಗಬೇಕು ಹೇಳಿ ಮೇಡಂ, ಮಾಡ್ತೀನಿ," ಎಂದ ಅವನು ನೆಲ ನೋಡುತ್ತಾ. "ಬರಬೇಡ ಅಂದ್ರೆ ನಿಮ್ಮ ಕಡೆ ಬರಲ್ಲ. ತಾತನ ಹತ್ರ ಮಾತ್ರ ಬರಬೇಡ ಅನ್ನಬೇಡಿ."

"ನನಗೆ ಗೊತ್ತಿತ್ತು," ಎಂದಳು ಅವಳು ಥಟ್ಟನೆ.

"ಏನು?"

"ನೀವು ಬೀದಿಯವರಲ್ಲ ಅಂತ." ಅವಳು ಸೆರಗೆಳೆದು ಕಣ್ಣೊರೆಸಿಕೊಂಡಳು. "ಏಳು ವರ್ಷದಿಂದ ಕಾಲು ನೋಡ್ತಿದ್ದೀನಿ. ಬೀದಿಯಲ್ಲಿ ಮಲಗೋರ ಹಿಮ್ಮಡಿ ಹೇಗಿರತ್ತೆ, ಒದ್ದೆ ಬೂಟಲ್ಲೇ ವಾರಗಟ್ಟಲೆ ಇರೋರ ಬೆರಳು ಹೇಗಿರತ್ತೆ ಅಂತ ನನಗೆ ಗೊತ್ತಿಲ್ವಾ? ಮೊದಲನೇ ದಿನ ಕೆಸರಿತ್ತು, ತಿಳೀಲಿಲ್ಲ. ಎರಡನೇ ವಾರ ನಿಮ್ಮ ಕಾಲು ಮುಟ್ಟಿದ ಕೂಡಲೇ ತಿಳೀತು."

ಅವನು ಬಾಯಿ ಬಿಟ್ಟುಕೊಂಡು ನೋಡಿದ.

"ತಿಳಿದೂ... ಯಾಕೆ ಎಬ್ಬಿಸ್ಲಿಲ್ಲ?"

"ಎಬ್ಬಿಸಿದ್ರೆ ನೀವು ಹೊರಟುಹೋಗ್ತಿದ್ರಿ! ಕೇಳಿದ್ರೆ ನಿಜ ಹೇಳ್ಬಿಡ್ತೀರಿ ಅಂತ ಹೆದರಿ ಕೇಳ್ಲಿಲ್ಲ. ಇಲ್ಲಿ ಏನೂ ಕೇಳಬಾರದು ಅಂತ ದೊಡ್ಡಮ್ಮ ಹೇಳಿದ್ರಲ್ಲ, ಅದನ್ನೇ ಅಡ್ಡ ಇಟ್ಕೊಂಡೆ. ಕಷ್ಟಕ್ಕೆ ಬಿದ್ದೋರು ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡು ವಾಚ್‌ಮನ್ ಕೆಲಸ ಬೇರೆ ಹುಡುಕಿದೆ!" ಅವಳು ಮುಖ ಮುಚ್ಚಿಕೊಂಡಳು. "ತಾತನ ಕುರ್ಚಿ ಕಿತ್ಕೊಂಡೋರು ನೀವೊಬ್ಬರೇ ಅಲ್ಲ. ಅದರಲ್ಲಿ ನಿಮ್ಮನ್ನ ಕೂರಿಸ್ಕೊಂಡಿದ್ದು ನಾನು. ಆವತ್ತು ಇದೇ ವರಾಂಡದಲ್ಲಿ ನಿಮ್ಮನ್ನ ಬೈದಿದ್ದೆಲ್ಲಾ ನನಗೆ ಬೈಕೊಂಡಿದ್ದು..."

ಅವನು ಬೆಂಚಿನ ಮೇಲೆ ಸ್ವಲ್ಪ ಈಚೆ ಸರಿದು ಕುಳಿತ. ಅವಳ ಕೈಯನ್ನು ಮೆಲ್ಲಗೆ ಮುಖದಿಂದ ಬಿಡಿಸಿ ತನ್ನ ಅಂಗೈಯಲ್ಲಿ ಇಟ್ಟುಕೊಂಡ. ಅವಳು ಎಳೆದುಕೊಳ್ಳಲಿಲ್ಲ.

"ಹಾಗಾದ್ರೆ ತಪ್ಪಲ್ಲಿ ಅರ್ಧರ್ಧ ಪಾಲು," ಎಂದ.

"ಹೂಂ. ಅರ್ಧರ್ಧ."

"ತಿದ್ಕೊಳ್ಳೋದರಲ್ಲಿ?"

"ಅದರಲ್ಲೂ." ಅವಳು ಮೂಗೊರೆಸಿಕೊಂಡು ನೆಟ್ಟಗೆ ಕುಳಿತಳು. "ಬುಧವಾರ ಬೆಳಿಗ್ಗೆ ಬನ್ನಿ. ಕೂರೋಕಲ್ಲ, ನೀರು ಹೊರೋಕೆ! ನೀವು ಟಬ್ಬು ತುಂಬಿಸಿ, ಚೆಲ್ಲಿ ಮಾಡಿದ್ರೆ ಇನ್ನೂ ನಾಲ್ಕು ಕುರ್ಚಿ ಹಾಕಬಹುದು. ಬಾಗಿಲವರೆಗೆ ಬಂದವರು ಯಾರೂ ವಾಪಸ್ ಹೋಗಬಾರದು."

"ಬರ್ತೀನಿ. ಒಂದು ವಾರವೂ ತಪ್ಪಿಸಲ್ಲ." ಅವನು ಅವಳ ಮುಖ ನೋಡಿದ. "ಉಳಿದ ಆರು ದಿನ...?"

ಅವಳ ಕೆನ್ನೆ ಬೆಚ್ಚಗಾಯಿತು.

"ಭಾನುವಾರ ನಮ್ಮ ಮನೆಗೆ ಬಂದು ಅಮ್ಮನ್ನ ಕೇಳಿ."

"ಅವರು ಒಪ್ಪದೇ ಇದ್ರೆ?"

"ಒಪ್ಪೋವರೆಗೆ ಬರ್ತಾ ಇರಿ," ಎಂದಳು ಅವಳು, ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ನಾನಂತೂ ಆಗಲೇ ಒಪ್ಪಿದ್ದೀನಲ್ಲ!"